ಸ್ಪೆಲಂಕಿ ಆಡುವುದು ಹೇಗೆ: ಮೊದಲ ಗಣಿಯಿಂದ ಓಲ್ಮೆಕ್‌ವರೆಗೆ

ಈ ಬೇಸಿಗೆ ರಜೆಗೆ ಹಾಸನದಿಂದ ಅಕ್ಕನ ಮಗ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸ್ ಮುಗಿಸಿದ ಹುಡುಗ. ನನ್ನ ಲ್ಯಾಪ್‌ಟಾಪಿನಲ್ಲಿ ಸ್ಪೆಲಂಕಿ ಎಂಬ ಕಂಪ್ಯೂಟರ್ ಆಟ ಇರುವುದನ್ನು ನೋಡಿ ಆಡಲು ಕೂತ. ಗುಹೆಯೊಳಗೆ ಅಪಾಯ ತಪ್ಪಿಸಿಕೊಂಡು, ಚಿನ್ನ ಹೆಕ್ಕುತ್ತಾ, ಕೆಳಗೆ ಕೆಳಗೆ ಇಳಿದು ಕೊನೆಗೆ ಓಲ್ಮೆಕ್ ಎಂಬ ಭಾರಿ ತಲೆಯನ್ನು ಸೋಲಿಸುವ ಆಟ ಅದು. ಮಧ್ಯಾಹ್ನ ಊಟ ಆದಮೇಲೆ ಶುರು ಮಾಡಿದವನು ಕಾಫಿ ಹೊತ್ತಿಗೆ ಮುಖ ಊದಿಸಿಕೊಂಡು ಅಡುಗೆಮನೆಗೆ ಬಂದ.

"ಮಾಮ, ಇದು ಬರೀ ಮೋಸ. ಈಗಷ್ಟೇ ಇಲ್ಲಿ ಏಣಿ ಇತ್ತು. ಸತ್ತು ಮತ್ತೆ ಬಂದ್ರೆ ಏಣಿನೇ ಇಲ್ಲ. ನೀವೇ ಬಂದು ನೋಡಿ."

ಅವನು ಹೇಳಿದ್ದು ನಿಜ. ಏಣಿ ಇರಲಿಲ್ಲ. ಈ ಆಟದಲ್ಲಿ ಒಂದು ಸಲ ಕಂಡ ಗುಹೆ ಮತ್ತೆ ಸಿಗುವುದಿಲ್ಲ. ನೀವು ಸತ್ತ ಕೂಡಲೇ ಕಂಪ್ಯೂಟರ್ ಹೊಸ ಗುಹೆ ಕಟ್ಟುತ್ತದೆ. ಬೇರೆ ಆಟಗಳಲ್ಲಿ ಹತ್ತು ಸಲ ಸತ್ತರೆ ಹನ್ನೊಂದನೇ ಸಲ ದಾರಿ ಬಾಯಿಪಾಠ ಆಗಿರುತ್ತದೆ. ಇಲ್ಲಿ ಬಾಯಿಪಾಠ ಮಾಡಲು ದಾರಿಯೇ ಉಳಿಯುವುದಿಲ್ಲ. ಆದರೆ ಹಾವು ಹರಿಯುವ ರೀತಿ, ಬಾಣ ಹಾರುವ ರೀತಿ, ಜೇಡ ಬೀಳುವ ರೀತಿ ಎಂದೂ ಬದಲಾಗುವುದಿಲ್ಲ. ಅದನ್ನು ಕಲಿತರೆ ಯಾವ ಗುಹೆ ಬಂದರೂ ನಡೆಯುತ್ತದೆ. ಅವನು ನಮ್ಮನೆಯಲ್ಲಿದ್ದ ಎರಡು ವಾರ ನಾನು ಹೇಳಿಕೊಟ್ಟದ್ದು ಇದನ್ನೇ. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾವ ಸ್ಪೆಲಂಕಿ?

ಡೆರೆಕ್ ಯು ಎಂಬುವರು ಇದನ್ನು ಗೇಮ್ ಮೇಕರ್ ಎಂಬ ಸಾಫ್ಟ್‌ವೇರ್ ಬಳಸಿ ಮಾಡಿ, 2008ರಲ್ಲಿ ಉಚಿತವಾಗಿ ಬಿಟ್ಟರು. ಅದು ಚಿಕ್ಕ ಫೈಲ್, ವಿಂಡೋಸ್‌ಗೆ ಸಿಗುತ್ತದೆ. ಮೂಲ ಕೋಡನ್ನೂ ಅವರು ಆಮೇಲೆ ಎಲ್ಲರಿಗೂ ತೆರೆದಿಟ್ಟರು. ಚಿತ್ರ, ಸಂಗೀತ ಎಲ್ಲ ಹೊಸದು ಮಾಡಿದ ಎಚ್‌ಡಿ ಆವೃತ್ತಿ 2012ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ, 2013ರಲ್ಲಿ ಪಿಸಿಗೆ ಬಂತು. 2020ರಲ್ಲಿ ಸ್ಪೆಲಂಕಿ 2 ಬಂತು.

ಹೊಸಬರು ಎಚ್‌ಡಿ ಆವೃತ್ತಿಯಿಂದ ಶುರು ಮಾಡಿ ಅಂತ ನನ್ನ ಸಲಹೆ. ಎರಡನೆಯದು ಇನ್ನೂ ಕಷ್ಟ, ಮೊದಲನೆಯದು ಕಲಿತವರಿಗೆ ಅಂತಲೇ ಮಾಡಿದ ಹಾಗಿದೆ. ಎಚ್‌ಡಿ ಆವೃತ್ತಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಸಿಗುತ್ತದೆ, ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ದುಡ್ಡು ಕೊಡುವ ಮೊದಲು ರುಚಿ ನೋಡಬೇಕು ಅಂದರೆ 2008ರ ಉಚಿತ ಆಟ ಸಾಕು. ಮುಂದೆ ನಾನು ಹೇಳುವ ಲೆಕ್ಕಗಳೆಲ್ಲ ಎಚ್‌ಡಿ ಆವೃತ್ತಿಯವು.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ ಮುಖ್ಯ. ಆಟದ ನಡುವೆ ಸೇವ್ ಮಾಡಲು ಬರುವುದಿಲ್ಲ. ಸತ್ತರೆ 1-1ರಿಂದ, ಅಂದರೆ ಗಣಿ ಎಂಬ ಮೊದಲ ಲೋಕದ ಮೊದಲ ಲೆವೆಲ್‌ನಿಂದ ಶುರು. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೂ 1-1ರಿಂದಲೇ. ಜೂನ್‌ನಿಂದ ಮಲೆನಾಡಿನಲ್ಲಿ ಕರೆಂಟ್ ಹೇಗಿರುತ್ತದೆ ಅಂತ ಗೊತ್ತಲ್ವಾ. ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿಕೊಂಡು ಕೂರಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ.

ಗುಹೆ ಹುಟ್ಟುವ ಬಗೆ

ಇದನ್ನು ತಿಳಿಯದೆಯೂ ಆಡಬಹುದು. ತಿಳಿದರೆ ಆಡುವ ರೀತಿಯೇ ಬದಲಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹುಡುಗನಿಗೆ ನಾನು ಅಂಗಳದ ರಂಗೋಲಿ ತೋರಿಸಿ ಹೇಳಿದೆ. ಅಮ್ಮ ದಿನಾ ಬೆಳಿಗ್ಗೆ ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು ಚುಕ್ಕಿ ಇಟ್ಟರು ಅಂದುಕೊಳ್ಳಿ. ಚುಕ್ಕಿ ದಿನಾ ಅಷ್ಟೇ, ಎಳೆ ಮಾತ್ರ ದಿನಾ ಬೇರೆ. ಸ್ಪೆಲಂಕಿಯ ಒಂದು ಲೆವೆಲ್ ಕೂಡ ಹಾಗೇ. ನಾಲ್ಕು ಸಾಲು, ಸಾಲಿಗೆ ನಾಲ್ಕು ಕೋಣೆ, ಒಟ್ಟು 16 ಕೋಣೆ. ಒಂದೊಂದು ಕೋಣೆ ಅಡ್ಡಕ್ಕೆ 10 ಚೌಕ, ಉದ್ದಕ್ಕೆ 8 ಚೌಕ.

ಕಂಪ್ಯೂಟರ್ ಮೊದಲು ಮೇಲಿನ ಸಾಲಿನಲ್ಲಿ ಒಂದು ಕೋಣೆ ಆರಿಸಿ ಅಲ್ಲಿ ನಿಮ್ಮನ್ನು ಇಳಿಸುತ್ತದೆ. ಅಲ್ಲಿಂದ ಎಳೆ ಎಳೆಯಲು ಶುರು ಮಾಡುತ್ತದೆ. ಎಡಕ್ಕೆ ಹೋಗಬೇಕಾ, ಬಲಕ್ಕಾ, ಕೆಳಕ್ಕಾ ಅಂತ ದಾಳ ಉರುಳಿಸುತ್ತದೆ. ಪಕ್ಕದ ಗೋಡೆ ಮುಟ್ಟಿದರೆ ಕೆಳಕ್ಕೆ ಇಳಿಯುತ್ತದೆ. ಕೊನೆಯ ಸಾಲಿಗೆ ಬಂದು ಇನ್ನೂ ಕೆಳಗೆ ಹೋಗಲು ಜಾಗ ಇಲ್ಲದಾಗ ಅಲ್ಲಿ ಹೊರಗೆ ಹೋಗುವ ಬಾಗಿಲು ಇಡುತ್ತದೆ. ಎಳೆ ಹಾದು ಹೋದ ಕೋಣೆಗಳಿಗೆ ಬೇಕಾದ ಕಡೆ ಬಾಯಿ ತೆರೆದಿರುತ್ತದೆ. ಎಳೆಯ ಹೊರಗೆ ಉಳಿದ ಕೋಣೆ ತೆರೆದಿರಬಹುದು, ಮುಚ್ಚಿರಲೂಬಹುದು. ಆಮೇಲೆ ಡೆರೆಕ್ ಯು ಕೈಯಾರೆ ಬರೆದಿಟ್ಟ ಕೋಣೆಯ ನಕ್ಷೆಗಳಲ್ಲಿ ಒಂದೊಂದನ್ನು ಆರಿಸಿ ತುಂಬುತ್ತದೆ. ಅದರೊಳಗಿನ ಕೆಲವು ಕಲ್ಲುಗಳನ್ನು ಅಲ್ಲಿಗಿಲ್ಲಿಗೆ ಬದಲಾಯಿಸುತ್ತದೆ. ಕೊನೆಗೆ ಹಾವು, ಬಾವಲಿ, ಬಾಣ, ಚಿನ್ನ.

ಇದರಿಂದ ನಮಗೆ ಏನು ಸಿಕ್ಕಿತು? ಎರಡು ವಿಷಯ. ಬಾಗಿಲು ಯಾವಾಗಲೂ ಕೆಳಗಿನ ಸಾಲಿನಲ್ಲಿ. ಮತ್ತೆ, ಗಣಿಯಲ್ಲಿ ಒಂದೂ ಬಾಂಬ್, ಒಂದೂ ಹಗ್ಗ ಖರ್ಚು ಮಾಡದೆ ಆ ಬಾಗಿಲು ಮುಟ್ಟುವ ದಾರಿ ಇದ್ದೇ ಇರುತ್ತದೆ. "ಸಿಕ್ಕಿಹಾಕಿಕೊಂಡೆ" ಅನ್ನಿಸಿದಾಗ ಇದನ್ನು ನೆನಪು ಮಾಡಿಕೊಳ್ಳಿ. ಕೆಳಗೆ ದಾರಿ ಇಲ್ಲ ಅಂದರೆ ಅದೇ ಸಾಲಿನಲ್ಲಿ ಎಡಕ್ಕೋ ಬಲಕ್ಕೋ ಇದೆ. ಹುಡುಗ ಮೊದಲ ದಿನ ಪ್ರತಿ ಆಟದಲ್ಲೂ ಗಾಬರಿಯಿಂದ ನಾಲ್ಕು ಬಾಂಬೂ ಒಡೆಯುತ್ತಿದ್ದ. ಈ ಮಾತು ಕೇಳಿದ ಮೇಲೆ ನಿಲ್ಲಿಸಿದ.

ಕೈ ಪಳಗಿಸುವುದು

ಶುರುವಿಗೆ ನಿಮ್ಮ ಹತ್ತಿರ 4 ಲೈಫ್, 4 ಬಾಂಬ್, 4 ಹಗ್ಗ, ಒಂದು ಚಾಟಿ ಇರುತ್ತದೆ. ಲೈಫ್ ಅಂದರೆ ಏಟು ಬಿದ್ದಾಗ ಕಮ್ಮಿಯಾಗುವ ಜೀವ, ಅಷ್ಟೂ ಮುಗಿದರೆ ಸಾವು. ಮೊದಲ ದಿನ ಗೆಲ್ಲುವ ಯೋಚನೆ ಬಿಡಿ. 1-1ರಲ್ಲೇ ನಿಂತು ಈ ಕೆಳಗಿನವನ್ನು ಮಾಡಿ ನೋಡಿ.

ಓಡುವ ಬಟನ್ ಮುಟ್ಟಬೇಡಿ. ಬರೀ ನಡೆಯಿರಿ. ಮಳೆಗಾಲದಲ್ಲಿ ಕಾಫಿ ತೋಟದೊಳಗೆ ನಡೆದವರಿಗೆ ಇದು ಹೊಸದಲ್ಲ. ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ನೋಡಿಯೇ ಕಾಲಿಡುತ್ತೇವೆ. ಎಲೆ ಕೆಳಗೆ ಇಂಬಳ ಇರಬಹುದು, ಹಾವೂ ಇರಬಹುದು. ಸ್ಪೆಲಂಕಿಯಲ್ಲಿ ನಾನು ಕಂಡ ಸಾವುಗಳಲ್ಲಿ ಜಾಸ್ತಿ ಪಾಲು, ನೋಡದೆ ಹಾರಿದ್ದರಿಂದ ಆದದ್ದು.

ಅಂಚಿಗೆ ಬಂದಾಗ ಕೆಳಮುಖ ಬಾಣದ ಗುರುತಿನ ಕೀ ಒತ್ತಿ ಹಿಡಿಯಿರಿ. ಪಾತ್ರ ಬಗ್ಗುತ್ತದೆ, ಸ್ವಲ್ಪ ಹೊತ್ತಿಗೆ ತೆರೆ ಕೆಳಗೆ ಸರಿದು ಅಲ್ಲಿ ಏನಿದೆ ಅಂತ ಕಾಣಿಸುತ್ತದೆ. ಇದೊಂದೇ ಅಭ್ಯಾಸ ನಿಮ್ಮ ಆಯಸ್ಸನ್ನು ಎರಡು ಪಟ್ಟು ಮಾಡುತ್ತದೆ.

ಬಗ್ಗಿಕೊಂಡೇ ಅಂಚಿನಿಂದ ತೆವಳಿದರೆ ಪಾತ್ರ ಕೈಯಲ್ಲಿ ಅಂಚು ಹಿಡಿದು ನೇತಾಡುತ್ತದೆ. ಅಲ್ಲಿಂದ ಕೈ ಬಿಟ್ಟರೆ ಬೀಳುವ ಎತ್ತರ ಅಷ್ಟು ಕಮ್ಮಿ. ತುಂಬ ಎತ್ತರದಿಂದ ಬಿದ್ದರೆ ಲೈಫ್ ಹೋಗುತ್ತದೆ, ಮೇಲಿಂದ ಸ್ವಲ್ಪ ಹೊತ್ತು ಎಚ್ಚರ ತಪ್ಪಿ ಬಿದ್ದಿರುತ್ತೀರಿ. ಆಗ ಪಕ್ಕದಲ್ಲಿ ಏನೇ ಇದ್ದರೂ ಅದು ನಿಮ್ಮನ್ನು ಮುಗಿಸುತ್ತದೆ.

ಹಗ್ಗ ನಿಂತು ಎಸೆದರೆ ಮೇಲಕ್ಕೆ ಹೋಗಿ ಅಂಟುತ್ತದೆ. ಅಂಚಿನ ಹತ್ತಿರ ಬಗ್ಗಿ ಎಸೆದರೆ ಕೆಳಕ್ಕೆ ಇಳಿಬೀಳುತ್ತದೆ. ಬಾಂಬೂ ಹಾಗೇ. ನಿಂತು ಎಸೆದರೆ ಹಾರಿ ಉರುಳಿಕೊಂಡು ಹೋಗುತ್ತದೆ, ಬಗ್ಗಿ ಇಟ್ಟರೆ ಕಾಲ ಬುಡದಲ್ಲಿ ಕೂರುತ್ತದೆ. ಇಟ್ಟಮೇಲೆ ದೂರ ಓಡಿ. ಓಡುವ ಬಟನ್ ಒತ್ತಲು ಅಪ್ಪಣೆ ಇರುವುದು ಇಲ್ಲಿ ಮಾತ್ರ.

ಚಾಟಿಯ ಗುಟ್ಟು ಒಂದಿದೆ. ಬೀಸಿದಾಗ ಅದು ಮೊದಲು ಬೆನ್ನ ಹಿಂದೆ ಮೇಲಿನಿಂದ ಬಂದು, ಆಮೇಲೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹಿಂದಿನಿಂದ ಹಾರಿ ಬರುವ ಬಾವಲಿಗೂ ಅದು ತಾಗುತ್ತದೆ. ಮುಂದಿನದಕ್ಕೆ ಹೊಡೆಯುವಾಗ ಕೂದಲೆಳೆಯಷ್ಟು ಬೇಗ ಬೀಸಬೇಕು. ಇದು ಓದಿ ಬರುವ ವಿದ್ಯೆಯಲ್ಲ, ಐವತ್ತು ಬಾವಲಿ ಆದಮೇಲೆ ಕೈಗೆ ತಾನೇ ಬರುತ್ತದೆ.

ಗಣಿ: ಇಲ್ಲೇ ಜಾಸ್ತಿ ದಿನ ಕಳೆಯಿರಿ

ಆಟದಲ್ಲಿ ನಾಲ್ಕು ಲೋಕ: ಗಣಿ, ಕಾಡು, ಹಿಮದ ಗುಹೆ, ದೇಗುಲ. ಒಂದೊಂದರಲ್ಲಿ ನಾಲ್ಕು ಲೆವೆಲ್. ಗಣಿ ಸುಲಭದ್ದು ಅಂತ ಬೇಗ ದಾಟುವವರು ಕಾಡಿನಲ್ಲಿ ನಿಲ್ಲುವುದಿಲ್ಲ. ಕಾಡಿಗೆ ಹೋಗುವಾಗ ಕೈಯಲ್ಲಿ ಏನಿದೆ ಅನ್ನುವುದು ಗಣಿಯಲ್ಲೇ ತೀರ್ಮಾನ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಬಾಣದ ಕಲ್ಲು. ಗೋಡೆಯಲ್ಲಿ ಮುಖದ ಕೆತ್ತನೆ ಇರುವ ಒಂದು ಚೌಕ. ಅದರ ಎದುರು ಯಾವುದೇ ವಸ್ತು ಅಲುಗಾಡಿದರೂ ಬಾಣ ಬಿಡುತ್ತದೆ. ಒಂದು ಬಾಣಕ್ಕೆ 2 ಲೈಫ್. ಅಂದರೆ ಎರಡು ಬಾಣಕ್ಕೆ ಆಟ ಮುಗಿಯಿತು. ಆದರೆ ಒಂದು ಕಲ್ಲು ಒಂದೇ ಬಾಣ ಬಿಡುತ್ತದೆ, ಆಮೇಲೆ ಖಾಲಿ. ಅದಕ್ಕೇ ಕೈಯಲ್ಲಿ ಯಾವಾಗಲೂ ಒಂದು ಕಲ್ಲೋ ಮಡಕೆಯೋ ಇರಲಿ. ಅನುಮಾನ ಬಂದ ಜಾಗಕ್ಕೆ ಅದನ್ನು ಎಸೆಯಿರಿ, ಬಾಣ ಹೋಗಲಿ, ಆಮೇಲೆ ನೀವು ಹೋಗಿ. ಹುಡುಗನಿಗೆ ಇದು ತುಂಬ ಇಷ್ಟ ಆಯಿತು. ಬಾಣ ಕಾಣದ ಕಡೆಯೂ ಎಸೆಯುತ್ತಿದ್ದ. ನಾನು ಬೇಡ ಅನ್ನಲಿಲ್ಲ, ಯಾಕೆಂದರೆ ಬಾವಿಯಂಥ ಇಳಿಜಾರಿನ ಪಕ್ಕದ ಗೋಡೆಯಲ್ಲಿರುವ ಬಾಣ ಮೇಲಿನಿಂದ ಕಾಣುವುದೇ ಇಲ್ಲ.

ಮಡಕೆ ಕಂಡರೆ ಹತ್ತಿರ ನಿಂತು ಚಾಟಿಯಿಂದ ಒಡೆಯಬೇಡಿ. ಒಳಗೆ ಹಾವೋ ಜೇಡವೋ ಇರಬಹುದು. ಎತ್ತಿಕೊಂಡು ದೂರಕ್ಕೆ ಎಸೆಯಿರಿ.

ಜೇಡ ಮೇಲೆ ಅಂಟಿಕೊಂಡಿರುತ್ತದೆ. ನೀವು ನೇರ ಕೆಳಗೆ ಬಂದಾಗ ಬೀಳುತ್ತದೆ. ಕೆಳಗೆ ಕಾಲಿಟ್ಟ ಕೂಡಲೇ ಹಿಂದೆ ಸರಿಯಿರಿ. ಅದು ಬಿದ್ದು ಜಿಗಿಯುವಾಗ ಚಾಟಿ ಬೀಸಿ. ಹಾವಿನ ತಲೆ ಮೇಲೆ ಹಾರಿದರೆ ಸಾಯುತ್ತದೆ. ಗುಹಾಮಾನವ ನಿಮ್ಮನ್ನು ಕಂಡರೆ ನುಗ್ಗಿ ಬರುತ್ತಾನೆ, ಒಂದೇ ಏಟಿಗೆ ಸಾಯುವುದಿಲ್ಲ. ಅವನಿಗಿಂತ ಎತ್ತರದಲ್ಲಿ ನಿಂತು ಕಲ್ಲು ಎಸೆಯುವುದು ಒಳ್ಳೆಯದು.

ಮುಳ್ಳಿನ ಬಗ್ಗೆ ಒಂದೇ ಮಾತು. ಮೇಲಿನಿಂದ ಅದರ ಮೇಲೆ ಬಿದ್ದರೆ ಎಷ್ಟು ಲೈಫ್ ಇದ್ದರೂ ಸಾವು. ಅದೇ ನೆಲದಲ್ಲಿ ನಡೆದುಕೊಂಡು ಮುಳ್ಳಿನ ನಡುವೆ ಹೋದರೆ ಏನೂ ಆಗುವುದಿಲ್ಲ.

ಚಿನ್ನದ ವಿಗ್ರಹ ಕಂಡರೆ ಕೈ ತುರಿಸುತ್ತದೆ. ಎತ್ತಿದರೆ ಮೇಲಿನಿಂದ ದೊಡ್ಡ ಬಂಡೆ ಬಿದ್ದು ಉರುಳುತ್ತದೆ. ಅದು ನಿಮ್ಮ ಮೇಲೆ ಬಂದರೆ ಸಾವು. ಅಂಗಡಿಗೆ ಗುದ್ದಿದರೆ ಅದಕ್ಕಿಂತ ಕಷ್ಟ, ಅಂಗಡಿಯವನು ನೀವೇ ಮಾಡಿದ್ದು ಅಂತ ತಿಳಿಯುತ್ತಾನೆ. ಮೊದಲ ವಾರ ವಿಗ್ರಹ ಬಿಟ್ಟುಬಿಡಿ.

ಅಂಗಡಿಯವನ ವಿಷಯಕ್ಕೆ ಬರೋಣ. ಅವನ ಹತ್ತಿರ ಶಾಟ್‌ಗನ್ ಇದೆ, ಕೈ ತುಂಬ ಚುರುಕು. ಅಂಗಡಿಯೊಳಗೆ ಚಾಟಿ, ಬಾಂಬ್ ಬಳಸಬೇಡಿ. ದುಡ್ಡು ಕೊಡದೆ ಸಾಮಾನು ಹೊರಗೆ ಒಯ್ಯಬೇಡಿ. ಒಂದು ಸಲ ಸಿಟ್ಟಾದರೆ ಮುಂದಿನ ಲೆವೆಲ್‌ನ ಬಾಗಿಲಲ್ಲೂ ಅಂಗಡಿಯವನು ಕಾಯುತ್ತಿರುತ್ತಾನೆ. ಕದ್ದು ಬದುಕುವ ಆಟಗಾರರಿದ್ದಾರೆ, ನೋಡಲು ಚೆಂದ. ನೀವು ಅಷ್ಟು ದೂರ ಬರುವವರೆಗೆ ಕೊಂಡುಕೊಳ್ಳಿ. ಏನು ಕೊಳ್ಳಬೇಕು ಅಂತ ಕೇಳಿದರೆ, ದುಡ್ಡು ಸಾಕಾದರೆ ಬೆನ್ನಿಗೆ ಕಟ್ಟಿಕೊಂಡು ಹಾರುವ ಜೆಟ್‌ಪ್ಯಾಕ್. ಇಲ್ಲ ಅಂದರೆ ಬಾಂಬ್ ಡಬ್ಬ. ಅಂಟುವ ಬಾಂಬ್ ಮಾಡುವ ಪೇಸ್ಟ್ ಹೊಸಬರಿಗೆ ಬೇಡ, ಕಲ್ಲಿಗೆ ಅಂಟುವ ಬದಲು ನಿಮ್ಮ ಪಕ್ಕದಲ್ಲೇ ಅಂಟಿ ತೊಂದರೆ ಕೊಡುತ್ತದೆ.

ಲೈಫ್ ಕೊಡುವ ಒಂದೇ ಸುಲಭ ದಾರಿ, ಗುಹೆಯಲ್ಲಿ ಸಿಕ್ಕಿಹಾಕಿಕೊಂಡ ಹುಡುಗಿಯನ್ನು ಎತ್ತಿಕೊಂಡು ಬಾಗಿಲು ಮುಟ್ಟಿಸುವುದು. ಮುಟ್ಟಿಸಿದರೆ 1 ಲೈಫ್ ಜಾಸ್ತಿ. ಸೆಟ್ಟಿಂಗ್‌ನಲ್ಲಿ ಹುಡುಗಿಯ ಬದಲು ಪಗ್ ನಾಯಿ ಇಟ್ಟುಕೊಳ್ಳಬಹುದು. ನಮ್ಮ ಹುಡುಗ ಕೂಡಲೇ ನಾಯಿಗೆ ಬದಲಾಯಿಸಿದ. ಆಮೇಲೆ ಅವನ ಆಟದ ಲಕ್ಷಣವೇ ಬೇರೆ ಆಯಿತು. ನಾಯಿಯನ್ನು ಮುಳ್ಳಿನ ಹತ್ತಿರ ಒಯ್ಯಬಾರದು ಅಂತ ತಾನೂ ನೋಡಿ ನೋಡಿ ನಡೆಯಲು ಕಲಿತ.

ದೆವ್ವ ಮತ್ತು ಗಡಿಯಾರ

ಇಷ್ಟೊತ್ತು ನಿಧಾನ ನಿಧಾನ ಅಂದೆ. ಅದಕ್ಕೂ ಮಿತಿ ಇದೆ. ಒಂದು ಲೆವೆಲ್‌ನಲ್ಲಿ ಎರಡೂವರೆ ನಿಮಿಷ ಕಳೆದರೆ ದೆವ್ವ ಬರುತ್ತದೆ. ಗೋಡೆ ದಾಟಿಕೊಂಡು ನಿಮ್ಮ ಕಡೆಗೇ ಬರುತ್ತದೆ, ಮುಟ್ಟಿದರೆ ಸಾವು, ಅದನ್ನು ಕೊಲ್ಲಲು ಬರುವುದಿಲ್ಲ. ಹಾಗಾದರೆ ಹೇಗೆ? ನಾನು ಮಾಡುವುದು ಹೀಗೆ: ಮೊದಲ ಒಂದೂವರೆ ನಿಮಿಷ ಚಿನ್ನ, ಪೆಟ್ಟಿಗೆ, ನಾಯಿ. ಅಷ್ಟು ಹೊತ್ತಿಗೆ ಬಾಗಿಲು ಎಲ್ಲಿದೆ ಅಂತ ಕಂಡಿರಬೇಕು. ಉಳಿದ ಒಂದು ನಿಮಿಷ ಬಾಗಿಲ ಕಡೆಗೆ ನಡಿಗೆ. ಗಾಬರಿ ಬೀಳಬೇಡಿ, ಒಂದು ನಿಮಿಷ ಬೇಕಾದಷ್ಟಾಯಿತು. ದೆವ್ವ ರತ್ನಗಳ ಮೇಲೆ ಹಾದು ಹೋದರೆ ಅವು ವಜ್ರ ಆಗುತ್ತವೆ. ಅಂಕ ಬೇಕಾದವರು ಬೇಕು ಅಂತಲೇ ದೆವ್ವವನ್ನು ಕಾಯುತ್ತಾರೆ. ಅದು ತುಂಬ ಮುಂದಿನ ಪಾಠ.

ಕೆಲವು ಲೆವೆಲ್ ಪೂರ್ತಿ ಕತ್ತಲೆಯಿರುತ್ತದೆ. ಕೈಯಲ್ಲಿ ಪಂಜು ಕೊಡುತ್ತಾರೆ. ಪಂಜು ಕೆಳಗಿಡಬೇಡಿ, ಚಿನ್ನದ ಆಸೆ ಬಿಡಿ, ಸೀದಾ ಕೆಳಗಿಳಿಯಿರಿ.

ದಿನಕ್ಕೊಂದು ಗುರಿ

"ಇವತ್ತು ಗೆಲ್ತೀನಿ" ಅಂತ ಕೂರಬೇಡಿ. ಹುಡುಗನಿಗೆ ನಾನು ಕೊಟ್ಟ ಗುರಿ ಹೀಗಿತ್ತು. ಮೊದಲ ಎರಡು ದಿನ, ಒಂದೂ ಲೈಫ್ ಕಳೆಯದೆ 1-1 ದಾಟುವುದು. ಆಮೇಲೆ ಮೂರು ದಿನ, ಗಣಿ ದಾಟುವಾಗ ಕೈಯಲ್ಲಿ ಶುರುವಿನಷ್ಟೇ ಬಾಂಬ್ ಇರುವುದು. ಆಮೇಲೆ ಪ್ರತಿ ಸಾವಿಗೂ ಕಾರಣ ಬಾಯಿಬಿಟ್ಟು ಹೇಳುವುದು. "ಬಾಣ ಇತ್ತು" ಅಂದರೆ ಒಪ್ಪುತ್ತಿರಲಿಲ್ಲ. "ಕಲ್ಲು ಎಸೆಯದೆ ಹಾರಿದೆ" ಅನ್ನಬೇಕು. ಅದು ಶುರುವಾದ ನಾಲ್ಕನೇ ದಿನಕ್ಕೆ ಮೋಸ ಅನ್ನುವ ಮಾತು ನಿಂತಿತು.

ಗಣಿ ದಾಟಿದಾಗ ಸುರಂಗ ತೋಡುವವನೊಬ್ಬ ಸಿಗುತ್ತಾನೆ. ಬಾಂಬ್, ಹಗ್ಗ, ದುಡ್ಡು ಅಂತ ಬೇರೆ ಬೇರೆ ಸಲ ಕೇಳುತ್ತಾನೆ. ಕೊಡಿ. ಎಲ್ಲ ಕೊಟ್ಟು ಮುಗಿದಮೇಲೆ ಕಾಡಿಗೆ ನೇರ ದಾರಿ ತೆರೆಯುತ್ತದೆ. ಆ ದಾರಿಯನ್ನು ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳಿ. ನೇರ ಹೋದರೆ ಕೈಯಲ್ಲಿ ಬರೀ ಶುರುವಿನ ಸಾಮಾನು ಇರುತ್ತದೆ, ಅಷ್ಟರಲ್ಲಿ ಕೊನೆ ಮುಟ್ಟುವುದು ಕಷ್ಟ.

ಗಣಿಯ ಆಚೆ

ಕಾಡಿನಲ್ಲಿ ನೀರು ಕಂಡರೆ ಇಳಿಯಬೇಡಿ, ಮೀನು ಕಚ್ಚುತ್ತದೆ. ದೊಡ್ಡ ಬಾಯಿಯ ಗಿಡ ಇಡೀ ಮನುಷ್ಯನನ್ನೇ ನುಂಗುತ್ತದೆ, ಲೈಫ್ ಎಷ್ಟಿದ್ದರೂ ಅಷ್ಟೇ. ನೀಲಿ ಕಪ್ಪೆ ಬರೀ ಕುಪ್ಪಳಿಸುತ್ತದೆ. ಕೇಸರಿ ಕಪ್ಪೆ ಸತ್ತಾಗ ಸಿಡಿಯುತ್ತದೆ, ಅದಕ್ಕೆ ದೂರದಿಂದ ಕಲ್ಲು. ಹುಡುಗ ಅತಿ ಹೆಚ್ಚು ಸತ್ತದ್ದು ಇಲ್ಲಿ.

ಹಿಮದ ಗುಹೆಗೆ ತಳವೇ ಇಲ್ಲ. ಕೆಳಗೆ ಬಿದ್ದರೆ ಮುಗಿಯಿತು. ನೆಲ ಜಾರುತ್ತದೆ, ಹಾರುವ ತಟ್ಟೆಗಳು ಗುಂಡು ಹಾರಿಸುತ್ತವೆ. ಗಣಿಯಲ್ಲಿ ಉಳಿಸಿದ ಹಗ್ಗ ಖರ್ಚು ಮಾಡುವ ಜಾಗ ಇದು. ಕೈ ಬಿಗಿ ಮಾಡಬೇಡಿ.

ದೇಗುಲದಲ್ಲಿ ಕುದಿಯುವ ಲಾವಾ, ಹತ್ತಿರ ಬಂದರೆ ನುಗ್ಗಿ ಬಂದು ಜಜ್ಜುವ ಕಲ್ಲುಗಳು. ಕೊನೆಯ 4-4ರಲ್ಲಿ ಓಲ್ಮೆಕ್ ಎಂಬ ಭಾರಿ ಚಿನ್ನದ ತಲೆ. ಅದಕ್ಕೆ ಹೊಡೆದು ಪ್ರಯೋಜನ ಇಲ್ಲ. ಅದು ನಿಮ್ಮ ಮೇಲೆ ಹಾರಿ ಹಾರಿ ಬೀಳುತ್ತದೆ, ಬಿದ್ದಾಗ ನೆಲ ಒಡೆಯುತ್ತದೆ. ಒಂದೇ ಜಾಗದಲ್ಲಿ ಅದು ಮತ್ತೆ ಮತ್ತೆ ಬೀಳುವ ಹಾಗೆ ಅತ್ತಿತ್ತ ಓಡಾಡಿ ಸೆಳೆಯಿರಿ. ನೆಲ ತೂತಾಗಿ ಅದು ತಾನೇ ಲಾವಾಕ್ಕೆ ಇಳಿಯುತ್ತದೆ. ಬಾಂಬ್ ಉಳಿದಿದ್ದರೆ ನೆಲ ಒಡೆಯಲು ಸಹಾಯ ಮಾಡಿ. ಅದು ಮುಳುಗಿದರೆ ಬಾಗಿಲು ತೆರೆಯುತ್ತದೆ.

ಇದಕ್ಕೂ ಆಚೆ ನರಕ ಎಂಬ ಗುಪ್ತ ಲೋಕ ಇದೆ, ಅಲ್ಲಿ ಯಮ ಇದ್ದಾನೆ, ಹೌದು, ಯಮ ಅಂತಲೇ ಹೆಸರು. ಅಲ್ಲಿಗೆ ಒಂದು ಬದನೆಕಾಯಿ ಒಯ್ಯುವ ಗುಟ್ಟು ಕೂಡ ಆಟದಲ್ಲಿದೆ. ಬದನೆಕಾಯಿ ತುಂಬ ಸುಲಭವಾಗಿ ಒಡೆದುಹೋಗುವುದರಿಂದ ಒಬ್ಬರೇ ಒಯ್ಯುವುದು ಆಗದ ಮಾತು ಅಂತ ಆಟಗಾರರು ನಂಬಿದ್ದರು. 2013ರಲ್ಲಿ ಒಬ್ಬ ಆಟಗಾರ ಒಬ್ಬನೇ ಅದನ್ನು ಮಾಡಿ ತೋರಿಸಿದ. ನಾನು ಆ ವಿಡಿಯೊ ನೋಡುತ್ತಾ ಉಸಿರು ಬಿಗಿಹಿಡಿದಿದ್ದೆ.

ದಿನದ ಸವಾಲು

ಪಿಸಿ ಆವೃತ್ತಿಯಲ್ಲಿ ದಿನದ ಸವಾಲು ಅಂತ ಒಂದಿದೆ. ಆ ದಿನ ಪ್ರಪಂಚದ ಎಲ್ಲರಿಗೂ ಒಂದೇ ಗುಹೆ ಸಿಗುತ್ತದೆ. ಆದರೆ ಆಡಲು ಒಂದೇ ಅವಕಾಶ. ಸತ್ತರೆ ನಾಳೆಯೇ. ಮೇಲೆ ಹೇಳಿದ ಗುರಿ ಮುಟ್ಟಿದಮೇಲೆ ದಿನಾ ಇದನ್ನೊಂದು ಆಡಿ. ಒಂದೇ ಅವಕಾಶ ಅಂತ ಗೊತ್ತಿದ್ದರೆ ಕಾಲು ತಾನೇ ನಿಧಾನ ಆಗುತ್ತದೆ.

ಹುಡುಗ ಹಾಸನಕ್ಕೆ ವಾಪಸ್ ಹೋಗಿ ಎರಡು ತಿಂಗಳಾಯಿತು. ಶಾಲೆ ಇರುವುದರಿಂದ ಅವನಿಗೆ ಈಗ ದಿನಕ್ಕೆ ಒಂದೇ ಆಟ, ಅದೂ ಹೋಂವರ್ಕ್ ಮುಗಿದಮೇಲೆ. ಅದಕ್ಕೆ ದಿನದ ಸವಾಲನ್ನೇ ಆರಿಸಿಕೊಂಡಿದ್ದಾನೆ. ನಾನೂ ಇಲ್ಲಿ ರಾತ್ರಿ ಊಟ ಆದಮೇಲೆ ಅದನ್ನೇ ಆಡುತ್ತೇನೆ. ನಿನ್ನೆ ಮಳೆ ಜೋರಾಗಿ ಹೊಡೆಯುತ್ತಿತ್ತು, ಕರೆಂಟ್ ಇರಲಿಲ್ಲ, ಬ್ಯಾಟರಿಯಲ್ಲಿ ಆಡಿ ಮುಗಿಸುವಷ್ಟರಲ್ಲಿ ಅವನ ಫೋನ್ ಬಂತು.

"ಮಾಮ, 1-3ರಲ್ಲಿ ಅಂಗಡಿ ಪಕ್ಕ ಇಳಿಯೋ ಕಡೆ ಬಾಣ ಇತ್ತಲ್ಲ, ನೋಡಿದ್ರಾ?"

"ನೋಡಿದೆ. ಮಡಕೆ ಎಸೆದೆ."

"ನಾನೂ ಮಡಕೆನೇ ಎಸೆದೆ, ಅದೇ ಮಡಕೆ!"